ಗಾಂಜಾ ಕೋಣೆಯ ಸೆನ್ಸರು ನಮ್ಮ ಅಣಬೆ ಹಟ್ಟಿಗೆ ಆದೀತೇ?

ಪ್ರಶ್ನೆ: ಕಾಸರಗೋಡಿನ ಪೆರ್ಲದಿಂದ ಸ್ವಲ್ಪ ಒಳಗೆ ನಮ್ಮ ಮನೆ. ಬೆಂಗಳೂರಿನ ಸಾಫ್ಟ್‌ವೇರ್ ಕೆಲಸ ಬಿಟ್ಟು ಊರಿಗೆ ಬಂದು ಒಂದು ವರ್ಷವಾಯಿತು. ಅಮ್ಮ ಆರು ವರ್ಷದಿಂದ ಹಂಚಿನ ಮಾಡಿನ, ಮುರಕಲ್ಲಿನ (ಜಂಬಿಟ್ಟಿಗೆಯ) ಗೋಡೆಯ ಹಳೆಯ ಹಟ್ಟಿಯಲ್ಲಿ ಚಿಪ್ಪಣಬೆ ಬೆಳೆಸುತ್ತಿದ್ದಾರೆ, ಒಂದು ಸಲಕ್ಕೆ ನೂರೈವತ್ತು ಬೆಡ್ (ಬೈಹುಲ್ಲು ತುಂಬಿ ಅಣಬೆ ಬೀಜ ಹಾಕಿ ಕಟ್ಟಿದ ಚೀಲ). ಕೆನಡಾದಲ್ಲಿ ಮುಚ್ಚಿದ ಕೋಣೆಯೊಳಗೆ ಗಾಂಜಾ ಬೆಳೆಯುವವರು ಸೆನ್ಸರ್, ಕ್ಯಾಮೆರಾ ಇಟ್ಟು ಎಲ್ಲವನ್ನೂ ಕಂಪ್ಯೂಟರಿಗೆ ಒಪ್ಪಿಸಿದ ವಿಡಿಯೋಗಳನ್ನು ನೋಡಿದೆ. ಅದೇ ವ್ಯವಸ್ಥೆಯನ್ನು ಅಣಬೆಗೆ ತರಬಹುದೇ? ರೋಗ ಬಂದದ್ದನ್ನು, ಕೊಯ್ಲಿಗೆ ಆದದ್ದನ್ನು ಕ್ಯಾಮೆರಾ ಹೇಳೀತೇ? ಅಮ್ಮನ ಕೆಲಸ ಎಷ್ಟು ಕಡಿಮೆಯಾದೀತು? ಇನ್ನೊಂದು, ಮುಚ್ಚಿದ ಕೋಣೆಯಲ್ಲಿ ಗಾಂಜಾವನ್ನೇ ಬೆಳೆಸಲು ನಮ್ಮಲ್ಲಿ ಕಾನೂನಿನ ದಾರಿ ಏನಾದರೂ ಇದೆಯೇ?

ಉತ್ತರ: ಕೊನೆಯ ಪ್ರಶ್ನೆಯನ್ನು ಮೊದಲು ಮುಗಿಸುತ್ತೇನೆ. ಮಾದಕವಸ್ತುಗಳನ್ನು ತಡೆಯುವ 1985ರ ಎನ್‌ಡಿಪಿಎಸ್ ಕಾಯ್ದೆಯ ಪ್ರಕಾರ ಪರವಾನಗಿ ಇಲ್ಲದೆ ಗಾಂಜಾ ಗಿಡ ಬೆಳೆಸುವುದು ಅಪರಾಧ. 20ನೇ ಸೆಕ್ಷನ್ನಿನಲ್ಲಿ ಹತ್ತು ವರ್ಷದವರೆಗೆ ಕಠಿಣ ಸಜೆ, ಒಂದು ಲಕ್ಷದವರೆಗೆ ದಂಡ ಇದೆ. ಮನೆಯ ಕೋಣೆ, ನಾಲ್ಕೇ ಗಿಡ, ಸ್ವಂತಕ್ಕೆ ಎಂಬ ಮಾತು ಯಾವುದೂ ಅಲ್ಲಿ ರಕ್ಷಣೆಗೆ ಬರುವುದಿಲ್ಲ. ಉತ್ತರಾಖಂಡ 2018ರಲ್ಲಿ ಅನುಮತಿ ಕೊಡಲು ಆರಂಭಿಸಿದ್ದು ನಾರಿನ ಕೈಗಾರಿಕೆಗೆ ಬೇಕಾದ, ಅಮಲಿನ ಅಂಶ ತೀರಾ ಕಡಿಮೆ ಇರುವ ತಳಿಗೆ. ಅದು ಬಯಲಿನ ಬೆಳೆ, ನೀವು ವಿಡಿಯೋದಲ್ಲಿ ಕಂಡದ್ದಲ್ಲ. ಆ ಯೋಚನೆಯನ್ನು ಇಲ್ಲಿಗೇ ಬಿಟ್ಟುಬಿಡಿ.

ಆದರೆ ಆ ವಿಡಿಯೋಗಳ ವಿದ್ಯೆ ಕಲಿಯತಕ್ಕದ್ದೇ. ನಾನು ಇಪ್ಪತ್ತೆರಡು ವರ್ಷ ಕಾರ್ಖಾನೆಗಳಲ್ಲಿ ಅಳತೆಯ ಉಪಕರಣಗಳ ಕೆಲಸ ಮಾಡಿ, ಈಗ ಬದಿಯಡ್ಕದ ಹತ್ತಿರ ಒಂದು ಸಣ್ಣ ಅಣಬೆ ಮನೆ ನಡೆಸುತ್ತಿದ್ದೇನೆ. ನೀವು ಕೇಳಿದ ವ್ಯವಸ್ಥೆಯನ್ನು ಬಹುಪಾಲು ನಾನೂ ಮಾಡಿ ನೋಡಿದ್ದೇನೆ. ಕೆಲವು ಉಳಿದವು, ಕೆಲವನ್ನು ಕಿತ್ತು ಹಾಕಿದೆ.

ಮೊದಲು ಅವರ ಕೋಣೆಗೂ ನಿಮ್ಮ ಹಟ್ಟಿಗೂ ಏನು ವ್ಯತ್ಯಾಸ ಎಂದು ತಿಳಿಯಬೇಕು. ಗಾಂಜಾ ಗಿಡಕ್ಕೆ ಬೆಳೆಯುವಾಗ ದಿನಕ್ಕೆ 18 ಗಂಟೆ ಬೆಳಕು ಕೊಡುತ್ತಾರೆ, ಹೂ ಬಿಡಿಸಲು 12 ಗಂಟೆ ಬೆಳಕು, 12 ಗಂಟೆ ಕತ್ತಲೆ. ದೀಪಗಳ ಶಾಖವನ್ನು ಹೊರಗೆ ಹಾಕಬೇಕು, ಎಲೆಗಳು ಬಿಟ್ಟ ನೀರಾವಿಯನ್ನು ಹೀರಬೇಕು. ಹೂ ಬಂದ ಮೇಲೆ ತೇವಾಂಶವನ್ನು ಶೇ. 50ರ ಸುತ್ತ ಹಿಡಿದಿಡದಿದ್ದರೆ ಮೊಗ್ಗಿನೊಳಗೆ ಬೂದು ಬೂಷ್ಟು ಕೂರುತ್ತದೆ. ಹೊರಗಿನ ಗಾಳಿಯಲ್ಲಿ ಇಂಗಾಲದ ಡೈಆಕ್ಸೈಡ್ ಸುಮಾರು 420 ಪಿಪಿಎಂ (ಹತ್ತು ಲಕ್ಷ ಪಾಲಿನಲ್ಲಿ 420 ಪಾಲು) ಇದ್ದರೆ, ಅವರು ಸಿಲಿಂಡರಿನಿಂದ ಬಿಟ್ಟು ಸಾವಿರದ ಆಸುಪಾಸಿಗೆ ಏರಿಸುತ್ತಾರೆ, ಏಕೆಂದರೆ ಗಿಡಕ್ಕೆ ಅದು ಆಹಾರ.

ಅಣಬೆಯದ್ದು ಎಲ್ಲವೂ ತಿರುವುಮುರುವು. ಅದು ನಮ್ಮ ಹಾಗೆ ಆಮ್ಲಜನಕ ಎಳೆದುಕೊಂಡು ಇಂಗಾಲದ ಡೈಆಕ್ಸೈಡ್ ಬಿಡುವ ಜೀವ. ನೂರೈವತ್ತು ಬೆಡ್ ಇರುವ ಹಟ್ಟಿಯ ಬಾಗಿಲನ್ನು ಒಂದು ರಾತ್ರಿ ಬಿಗಿಯಾಗಿ ಮುಚ್ಚಿ, ಬೆಳಿಗ್ಗೆ ತೆರೆದರೆ ಮುಖಕ್ಕೆ ಬಡಿಯುವ ಆ ಭಾರದ ಗಾಳಿ ಅಮ್ಮನಿಗೆ ಗೊತ್ತು. ಮೊಗ್ಗು ಬಂದ ಮೇಲೆ ಸಾವಿರ ಪಿಪಿಎಂ ಮೀರಿ ಹಾಗೇ ನಿಂತರೆ ಕಾಂಡ ಉದ್ದಕ್ಕೆ ಎಳೆದುಕೊಂಡು, ಕೊಡೆ ಅಂಗಿಯ ಗುಂಡಿಯಷ್ಟೇ ಆಗಿ ಉಳಿಯುತ್ತದೆ. ಅಂಗಡಿಯವರು ಅದನ್ನು ಮುಟ್ಟುವುದಿಲ್ಲ. ತೇವಾಂಶ ಶೇ. 80ರಿಂದ 90 ಬೇಕು, ಬೆಳಕು ಪುಸ್ತಕ ಓದಲು ಸಾಕಾಗುವಷ್ಟಿದ್ದರೆ ಆಯಿತು. ಹಾಗಾಗಿ ಗಾಂಜಾ ಕೋಣೆಗೆಂದು ಮಾಡಿದ ಕಂಟ್ರೋಲರನ್ನು ತರಿಸಿದರೆ, ಅದರ ದುಬಾರಿ ಭಾಗಗಳಾದ ದೀಪದ ಡ್ರೈವರು, ಗ್ಯಾಸಿನ ವಾಲ್ವು, ತೇವ ಹೀರುವ ಯಂತ್ರ ನಿಮಗೆ ಬೇಡ. ನಿಮಗೆ ಬೇಕಾದದ್ದು ಮೂರು ಕಣ್ಣು, ಎರಡು ಕೈ: ಉಷ್ಣತೆ, ತೇವಾಂಶ, ಇಂಗಾಲದ ಡೈಆಕ್ಸೈಡ್ ನೋಡಲು ಸೆನ್ಸರು, ನೀರು ಸಿಂಪಡಿಸಲು ಫಾಗರು, ಗಾಳಿ ಬದಲಿಸಲು ಫ್ಯಾನು.

ಇನ್ನು ನಮ್ಮ ಹವೆ. ಕೆನಡಾದವರು ಚಳಿಗಾಲದಲ್ಲಿ ಹೊರಗಿನ ಗಾಳಿ ತಂದರೆ ಅದು ಒಣ ಗಾಳಿ. ನಾವು ಆಟಿಯ ಮಳೆಗಾಲದಲ್ಲಿ ಹೊರಗಿನ ಗಾಳಿ ತಂದರೆ ಅದರ ತೇವವೇ ಶೇ. 90ರ ಮೇಲೆ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಫಾಗರಿಗೆ ಕೆಲಸವೇ ಇಲ್ಲ, ಎಲ್ಲ ಕೆಲಸ ಫ್ಯಾನಿನದ್ದು. ಆಗ ಬೆಡ್ಡಿನ ಮೇಲೆ ನೀರು ನಿಂತರೆ ಕೊಡೆ ಹಳದಿಯಾಗಿ ಕೊಳೆಯುತ್ತದೆ. ಮಾರ್ಚ್‌ನಲ್ಲಿ ಇದರ ವಿರುದ್ಧ. ಮಧ್ಯಾಹ್ನ 33 ಡಿಗ್ರಿ, ತೇವಾಂಶ ಶೇ. 60 ಇರುವಾಗ ನೀರು ಆವಿಯಾಗುತ್ತಾ ಗಾಳಿಯನ್ನು ತಣಿಸುವುದಕ್ಕೆ ಮಿತಿ ಸುಮಾರು 26 ಡಿಗ್ರಿ. ನಿಜವಾಗಿ ಹಟ್ಟಿಯಲ್ಲಿ 28 ಸಿಕ್ಕರೆ ದೊಡ್ಡದು, ಅಣಬೆಗೆ ಅಷ್ಟು ಸಾಕು. ಜುಲೈಯಲ್ಲಿ 27 ಡಿಗ್ರಿ, ಶೇ. 95 ಇರುವಾಗ ಎಷ್ಟು ಫಾಗರ್ ಓಡಿಸಿದರೂ ಒಂದು ಡಿಗ್ರಿಯೂ ಇಳಿಯದು. ಇದನ್ನು ಪ್ರೋಗ್ರಾಮಿಗೆ ಕಲಿಸದಿದ್ದರೆ ಅದು ಸೆಖೆ ಎಂದುಕೊಂಡು ಮಳೆಗಾಲದಲ್ಲೂ ನೀರು ಬಿಡುತ್ತಲೇ ಇರುತ್ತದೆ. ಆದ್ದರಿಂದ ಹೊರಗೆ, ಮಾಡಿನ ಅಡಿಯಲ್ಲಿ, ಇನ್ನೊಂದು ಸೆನ್ಸರು ಇಡಿ. ಒಳಗೆ ತರುವ ಗಾಳಿ ಎಂಥದ್ದು ಎಂದು ತಿಳಿಯದೆ ಫ್ಯಾನ್ ಹಾಕುವುದು ಕುರುಡು ಕೆಲಸ.

ಮುರಕಲ್ಲಿನ ಗೋಡೆ, ಹಂಚಿನ ಮಾಡು ಎಂದಿದ್ದೀರಿ. ಅದು ನಿಮ್ಮ ಭಾಗ್ಯ. ಆ ದಪ್ಪ ಗೋಡೆ ಹಗಲಿನ ಬಿಸಿಲನ್ನು ತಡೆಯುವಷ್ಟು ಕೆಲಸವನ್ನು ಶೀಟಿನ ಕೋಣೆಯಲ್ಲಿ ಯಾವ ಯಂತ್ರವೂ ಅಷ್ಟು ಅಗ್ಗಕ್ಕೆ ಮಾಡದು. ಮನೆಯಲ್ಲಿ ಗುಡ್ಡಕ್ಕೆ ಅಡ್ಡಲಾಗಿ ಕೊರೆದ ಸುರಂಗದ ನೀರು ಇದ್ದರೆ ಫಾಗರಿಗೆ ಅದನ್ನೇ ಬಳಸಿ. ಗಡಸು ನೀರಾದರೆ ನಾಜಲಿನ ತೂತಿನಲ್ಲಿ ಸುಣ್ಣ ಕಟ್ಟಿ ಎರಡು ತಿಂಗಳಿಗೆ ಹನಿ ಸುರಿಯಲು ಶುರುವಾಗುತ್ತದೆ.

ಸೆನ್ಸರಿನ ಮಾತಿಗೆ ಬರುತ್ತೇನೆ. ಇಲ್ಲೇ ಹೆಚ್ಚಿನವರು ಸೋಲುವುದು. ಬಿಳಿ ಜಾಲರಿ ಡಬ್ಬಿಯ ಡಿಎಚ್‌ಟಿ22 ಎಲ್ಲರೂ ಮೊದಲು ತರಿಸುವ ಸೆನ್ಸರು. ಒಣ ಕೋಣೆಗೆ ಅಡ್ಡಿಯಿಲ್ಲ. ಅಣಬೆ ಮನೆಯಲ್ಲಿ ನನ್ನ ಮೊದಲ ಡಿಎಚ್‌ಟಿ22 ಏಳು ವಾರ ಸರಿಯಿತ್ತು. ಆಮೇಲೆ ಒಂದು ದಿನ ಶೇ. 99.9 ತೋರಿಸಲು ಶುರುಮಾಡಿದ್ದು ಹಾಗೇ ನಿಂತುಬಿಟ್ಟಿತು. ಕಂಪ್ಯೂಟರಿಗೆ ಅನುಮಾನ ಬರಲಿಲ್ಲ. ತೇವ ಸಾಕಷ್ಟಿದೆ ಎಂದು ಫಾಗರನ್ನು ಎರಡು ದಿನ ಆರಿಸಿಯೇ ಇಟ್ಟಿತು. ಫೆಬ್ರವರಿ ತಿಂಗಳು, ಮೊಗ್ಗುಗಳೆಲ್ಲ ಅಂಚು ಕಂದಾಗಿ ಮುರುಟಿದವು. ನಾನು ಮೊಬೈಲಿನಲ್ಲಿ ಹಸಿರು ಗೆರೆ ನೋಡಿ ಸಮಾಧಾನವಾಗಿದ್ದೆ. ಅಂದಿನಿಂದ ಎಸ್‌ಎಚ್‌ಟಿ31 ಬಳಸುತ್ತಿದ್ದೇನೆ. ಅದರೊಳಗೆ ಚಿಕ್ಕ ಹೀಟರ್ ಇದೆ. ಆಗಾಗ ಕೆಲವು ಸೆಕೆಂಡು ಅದನ್ನು ಹೊತ್ತಿಸಿದರೆ ಮೇಲೆ ಕೂತ ಹನಿ ಆರುತ್ತದೆ. ಆರುವ ಹೊತ್ತಿನ ಲೆಕ್ಕವನ್ನು ಬಿಟ್ಟುಬಿಡಬೇಕು, ಅಷ್ಟೆ. ಜೊತೆಗೆ, ಮೂರು ಗಂಟೆ ಒಂದೇ ಅಂಕಿ ಅಲ್ಲಾಡದೆ ನಿಂತರೆ ಅದನ್ನು ಒಳ್ಳೆಯ ಸುದ್ದಿ ಎಂದು ತಿಳಿಯದೆ ಫೋನಿಗೆ ಎಚ್ಚರಿಕೆ ಕಳಿಸು ಎಂದು ಪ್ರೋಗ್ರಾಮಿನಲ್ಲಿ ಬರೆದಿದ್ದೇನೆ.

ಯಾವ ಸೆನ್ಸರೇ ಇರಲಿ, ಅಡುಗೆಮನೆಯ ಉಪ್ಪಿನಿಂದ ಪರೀಕ್ಷಿಸಿ. ಗಾಳಿ ಹೋಗದ ಡಬ್ಬಿಯಲ್ಲಿ ಒಂದು ಮುಚ್ಚಳದ ತುಂಬ ಪುಡಿ ಉಪ್ಪು ಇಟ್ಟು, ಒದ್ದೆ ಮರಳಿನ ಹಾಗಾಗುವಷ್ಟು ಮಾತ್ರ ನೀರು ಹನಿಸಿ. ಕರಗಿ ನೀರಾಗಬಾರದು. ಸೆನ್ಸರನ್ನು ಉಪ್ಪಿಗೆ ತಾಗದ ಹಾಗೆ ಒಳಗೆ ತೂಗಿಸಿ ಮುಚ್ಚಿ, ತಂಪಾದ ಕಡೆ ರಾತ್ರಿ ಪೂರ್ತಿ ಬಿಡಿ. ಬೆಳಿಗ್ಗೆ ಅದು ಶೇ. 75 ಹೇಳಬೇಕು, ಏಕೆಂದರೆ ಒದ್ದೆ ಉಪ್ಪಿನ ಮೇಲಿನ ಗಾಳಿಯ ತೇವಾಂಶ ಅಷ್ಟಕ್ಕೇ ನಿಲ್ಲುವುದು. 79 ಹೇಳಿದರೆ ನಾಲ್ಕು ಕಳೆದು ಓದಿ. 85 ಹೇಳಿದರೆ ಬಿಸಾಡಿ. ಎರಡು ತಿಂಗಳಿಗೊಮ್ಮೆ ಇದನ್ನು ಮಾಡಿ, ತಾರೀಕು ಹಾಕಿ ಗೋಡೆಗೆ ಬರೆದಿಡಿ.

ಇಂಗಾಲದ ಡೈಆಕ್ಸೈಡಿಗೆ ಎಂಕ್ಯೂ135 ಎಂಬ ಅಗ್ಗದ ಸೆನ್ಸರನ್ನು ಯಾರಾದರೂ ಹೇಳಿದರೆ ಕೇಳಬೇಡಿ. ಅದು ಅಮೋನಿಯಾ, ಹೊಗೆ, ಆಲ್ಕೊಹಾಲ್ ಎಲ್ಲಕ್ಕೂ ಅಲುಗುತ್ತದೆ. ಒದ್ದೆ ಹುಲ್ಲಿನ ವಾಸನೆಗೂ ಅಂಕಿ ಏರುತ್ತದೆ. ಅವರೋಹಿತ (ಇನ್‌ಫ್ರಾರೆಡ್) ಕಿರಣದಿಂದ ಅಳೆಯುವ ಎಂಎಚ್‌-ಝಡ್19 ಅಥವಾ ಎಸ್‌ಸಿಡಿ30 ತೆಗೆದುಕೊಳ್ಳಿ. ಅವುಗಳಲ್ಲಿ ಒಂದು ತೊಡಕು ಇದೆ. ತಾನಾಗಿ ಸರಿಪಡಿಸಿಕೊಳ್ಳುವ ಸೌಲಭ್ಯ ಎಂದು ಬರೆದಿರುತ್ತಾರೆ. ಅದರ ಲೆಕ್ಕ ಏನೆಂದರೆ, ಯಾವ ಕೋಣೆಯೂ ಆಗಾಗ ಒಮ್ಮೆಯಾದರೂ ಹೊರಗಿನ ಗಾಳಿಯಷ್ಟು ಶುದ್ಧವಾಗುತ್ತದೆ, ಆ ಅತಿ ಕಡಿಮೆ ಅಂಕಿಯೇ 400 ಎಂದು. ಆಫೀಸಿಗೆ ಅದು ಸರಿ, ರಾತ್ರಿ ಜನ ಇರುವುದಿಲ್ಲ. ಅಣಬೆ ಹಟ್ಟಿ ರಾತ್ರಿಯೂ ಉಸಿರಾಡುತ್ತದೆ, 700ಕ್ಕಿಂತ ಕೆಳಗೆ ಇಳಿಯದೇ ಇರಬಹುದು. ಸೆನ್ಸರು ಆ 700ನ್ನೇ 400 ಎಂದು ತಿಳಿದುಕೊಂಡರೆ, 1300 ಇರುವಾಗ ನಿಮಗೆ ಸಾವಿರ ಎಂದು ಹೇಳುತ್ತದೆ. ಆ ಸೌಲಭ್ಯವನ್ನು ಮೊದಲ ದಿನವೇ ಬಂದ್ ಮಾಡಿ, ತಿಂಗಳಿಗೊಮ್ಮೆ ಅಂಗಳಕ್ಕೆ ತಂದು ಗಾಳಿಗೆ ಹಿಡಿದು ನೀವೇ ಸರಿಹೊಂದಿಸಿ.

ಸೆನ್ಸರನ್ನು ಬಾಗಿಲ ಪಕ್ಕ ನೇತುಹಾಕಬೇಡಿ. ಬೆಡ್ಡುಗಳ ನಡುವೆ, ನಡುಮಟ್ಟದಲ್ಲಿ, ಫಾಗರಿನ ಮಂಜು ನೇರ ಬೀಳದಲ್ಲಿ ಇರಲಿ. ಇನ್ನು ತಂತಿ. ಈ ಸೆನ್ಸರುಗಳು ಬಳಸುವ ಐ2ಸಿ ಎಂಬ ಸಂಪರ್ಕ ಒಂದು ಮೀಟರಿನ ಆಚೆ ನಂಬಿಕೆಗೆ ಬರುವುದಿಲ್ಲ. ದೂರ ಹೋಗಬೇಕಾದರೆ ಉದ್ದ ತಂತಿಗೆಂದೇ ಇರುವ ಆರ್‌ಎಸ್485 ಸಂಪರ್ಕದ ಸೆನ್ಸರೇ ಬೇಕು, ಅಥವಾ ಸೆನ್ಸರಿನ ಪಕ್ಕದಲ್ಲೇ ಇಎಸ್‌ಪಿ32 ಎಂಬ ಪುಟ್ಟ ಕಂಪ್ಯೂಟರ್ ಬೋರ್ಡನ್ನು ಇಟ್ಟು ವೈಫೈಯಲ್ಲಿ ಕಳಿಸಬೇಕು. ಎರಡನೆಯದು ನಮ್ಮೂರಿಗೆ ಹೆಚ್ಚು ಹೊಂದುತ್ತದೆ, ಕಾರಣ ಸಿಡಿಲು. ಏಪ್ರಿಲ್, ಮೇ ತಿಂಗಳ ಸಂಜೆ ಗುಡುಗಿಗೆ ಉದ್ದ ತಂತಿ ಎಂದರೆ ಕರೆದು ಮಣೆ ಹಾಕಿದ ಹಾಗೆ. ಒಂದೇ ಸಿಡಿಲಿಗೆ ನನ್ನ ಮೂರು ಬೋರ್ಡು, ರೂಟರು ಎಲ್ಲ ಸುಟ್ಟುಹೋದವು. ಸಿಡಿಲು ಬಿದ್ದದ್ದು ಹಟ್ಟಿಗಲ್ಲ, ಇನ್ನೂರು ಮೀಟರು ಆಚೆಯ ತೆಂಗಿಗೆ. ಸರ್ಜ್ ಅರೆಸ್ಟರ್ ಹಾಕಿ, ಅರ್ಥಿಂಗ್ ಪರೀಕ್ಷಿಸಿ, ಮತ್ತೂ ಗುಡುಗು ಕೇಳಿದಾಗ ಪ್ಲಗ್ ಕಿತ್ತುಬಿಡಿ.

ಕರೆಂಟಿನ ಬಗ್ಗೆ ಒಂದು ಮಾತು ಒತ್ತಿ ಹೇಳುತ್ತೇನೆ. ಅಮ್ಮ ಒದ್ದೆ ನೆಲದ ಮೇಲೆ, ಒದ್ದೆ ಕೈಯಲ್ಲಿ ಕೆಲಸ ಮಾಡುವ ಜಾಗ ಅದು. ಒಳಗೆ 12 ವೋಲ್ಟ್ ಮಾತ್ರ ಇರಲಿ. 230 ವೋಲ್ಟಿನ ರಿಲೇ, ಕಾಂಟ್ಯಾಕ್ಟರ್ ಎಲ್ಲ ಹೊರಗಿನ ಗೋಡೆಗೆ, ನೀರು ನುಗ್ಗದ ಪೆಟ್ಟಿಗೆಯೊಳಗೆ. ಮೇಲೆ 30 ಮಿಲಿಆಂಪಿಗೆ ಬೀಳುವ ಆರ್‌ಸಿಸಿಬಿ (ಕರೆಂಟು ಸೋರಿದರೆ ಲೈನು ಕಡಿಯುವ ಸ್ವಿಚ್ಚು) ಕಡ್ಡಾಯ. ಇದನ್ನು ಹಾಕುವವರೆಗೆ ಬೇರೆ ಯಾವ ಸಾಮಾನನ್ನೂ ತರಿಸಬೇಡಿ.

ನಡೆಸುವ ಪ್ರೋಗ್ರಾಮ್ ಸರಳವಾಗಿರಲಿ. ತೇವಾಂಶ 82ಕ್ಕೆ ಇಳಿದರೆ ಫಾಗರ್ ಹೊತ್ತಲಿ, 90 ಮುಟ್ಟಿದರೆ ಆರಲಿ. ನಡುವೆ ಈ ಅಂತರ ಇಲ್ಲದಿದ್ದರೆ ರಿಲೇ ನಿಮಿಷಕ್ಕೆ ಹತ್ತು ಸಲ ಟಕಟಕ ಎಂದು ಬೇಗ ಸಾಯುತ್ತದೆ. ರಿಲೇ ಸಾಯುವಾಗ ಸಂಪರ್ಕದ ತುಂಡುಗಳು ಬೆಸೆದುಕೊಂಡು ಆನ್ ಆಗಿಯೇ ನಿಲ್ಲುವುದುಂಟು. ನನ್ನಲ್ಲಿ ಹಾಗೇ ಆಗಿ ಫಾಗರ್ ರಾತ್ರಿ ಪೂರ್ತಿ ಓಡಿತು. ಬೆಳಿಗ್ಗೆ ಬಾಗಿಲು ತೆರೆದರೆ ನೆಲದಲ್ಲಿ ಹೆಬ್ಬೆರಳು ಮುಳುಗುವಷ್ಟು ನೀರು. ನಲವತ್ತು ಬೆಡ್ಡುಗಳನ್ನು ಗೊಬ್ಬರದ ಗುಂಡಿಗೆ ಹಾಕಿದೆ. ಈಗ ಫಾಗರಿನ ಲೈನಿನಲ್ಲಿ ಕಂಪ್ಯೂಟರಿಗೆ ಸಂಬಂಧವೇ ಇಲ್ಲದ ಒಂದು ಟೈಮರ್ ಸ್ವಿಚ್ ಇದೆ. ಕಂಪ್ಯೂಟರ್ ಏನೇ ಹೇಳಲಿ, ಹತ್ತು ನಿಮಿಷಕ್ಕಿಂತ ಹೆಚ್ಚು ನೀರು ಹೋಗದು.

ಈಗ ನಿಮಗೆ ಹೆಚ್ಚು ಆಸೆ ಇರುವ ಕ್ಯಾಮೆರಾ. ಗಾಂಜಾ ಬೆಳೆಯುವವರು ಕ್ಯಾಮೆರಾದಿಂದ ಎಲೆಯ ಹಳದಿ, ಮೊಗ್ಗಿನ ಮೇಲಿನ ರಾಳದ ಕೂದಲಿನ ಬಣ್ಣ ನೋಡಿ ಕೊಯ್ಲು ನಿಶ್ಚಯಿಸುವ ವಿಡಿಯೋಗಳೂ ಇವೆ. ಆಗುತ್ತದೆ, ಆದರೆ ಅವರ ಕೋಣೆಯಲ್ಲಿ ದೀಪ ಬದಲಾಗುವುದಿಲ್ಲ, ಹಿನ್ನೆಲೆ ಬದಲಾಗುವುದಿಲ್ಲ. ಇದು ಎಷ್ಟು ಮುಖ್ಯ ಎನ್ನುವುದಕ್ಕೆ ಎಲೆರೋಗ ಗುರುತಿಸುವ 2016ರ ಒಂದು ಪ್ರಸಿದ್ಧ ಸಂಶೋಧನೆಯೇ ಸಾಕ್ಷಿ. ಪ್ಲಾಂಟ್‌ವಿಲೇಜ್ ಎಂಬ ಎಲೆಚಿತ್ರ ಸಂಗ್ರಹದ 54,306 ಚಿತ್ರಗಳಿಂದ ಕಲಿತ ಪ್ರೋಗ್ರಾಮ್, ಅದೇ ಸಂಗ್ರಹದಿಂದ ಎತ್ತಿಟ್ಟ ಚಿತ್ರಗಳಲ್ಲಿ ಶೇ. 99ಕ್ಕೂ ಹೆಚ್ಚು ಸರಿ ಹೇಳಿತು. ಬೇರೆ ಸನ್ನಿವೇಶದಲ್ಲಿ ತೆಗೆದ ಚಿತ್ರ ಕೊಟ್ಟಾಗ ಅದು ಶೇ. 31ರ ಹತ್ತಿರಕ್ಕೆ ಬಿತ್ತು. ಬೇರೆಯವರು ತಯಾರಿಸಿದ ಅಣಬೆ ಮಾದರಿಯನ್ನು ಇಳಿಸಿಕೊಂಡು ಪೆರ್ಲದ ಹಟ್ಟಿಗೆ ಹಾಕಿದರೆ ನಿಮಗೂ ಅದೇ ಕಥೆ.

ಅದಕ್ಕೆ ಕ್ಯಾಮೆರಾವನ್ನು ತೀರ್ಮಾನ ಕೊಡುವ ಯಜಮಾನನಾಗಿ ಅಲ್ಲ, ಮರೆಯದ ದಿನಚರಿಯಾಗಿ ಇಡಿ. ಎರಡು ಮೆಗಾಪಿಕ್ಸೆಲಿನ ಇಎಸ್‌ಪಿ32-ಕ್ಯಾಮ್ ಸಾಕು. ಒಳಗಿಟ್ಟರೆ ಅರ್ಧ ಗಂಟೆಯಲ್ಲಿ ಲೆನ್ಸಿಗೆ ಮಂಜು ಹಿಡಿಯುತ್ತದೆ. ಕಿಟಕಿಗೆ ಗಾಜು ಕೂರಿಸಿ ಹೊರಗಿನಿಂದ ನೋಡುವ ಹಾಗೆ ಇಡಿ. ಬೆಳಿಗ್ಗೆ ಐದಕ್ಕೆ, ಬೆಳಕು ಹರಿಯುವ ಮೊದಲು, ಒಂದೇ ಬಿಳಿ ಎಲ್‌ಇಡಿ ಹೊತ್ತಿಸಿ ಒಂದು ಚಿತ್ರ. ಬಣ್ಣ, ಬೆಳಕು ಸರಿಪಡಿಸುವ ಆಟೋಮ್ಯಾಟಿಕ್ ಸೌಲಭ್ಯಗಳನ್ನು ಬಂದ್ ಮಾಡಿ. ಇಲ್ಲದಿದ್ದರೆ ಇವತ್ತಿನ ಬಿಳಿ ನಾಳೆ ನೀಲಿಯಾಗಿರುತ್ತದೆ. ಚೌಕಟ್ಟಿನ ಮೂಲೆಯಲ್ಲಿ ಒಂದು ಸ್ಕೇಲು, ಒಂದು ಬಿಳಿ ಟೈಲಿನ ತುಂಡು ಸದಾ ಕಾಣುತ್ತಿರಲಿ. ಸ್ಕೇಲಿನಿಂದ ಅಳತೆ, ಟೈಲಿನಿಂದ ಬಣ್ಣ.

ಇಷ್ಟು ಮಾಡಿದರೆ ಕೃತಕ ಬುದ್ಧಿಮತ್ತೆಯ ಹಂಗಿಲ್ಲದೆಯೇ ಎರಡು ಕೆಲಸ ಆಗುತ್ತದೆ. ಅಣಬೆಯ ಬಿಳಿ ಎಳೆ ತುಂಬಿದ ಬೆಡ್ಡಿನಲ್ಲಿ ಹಸಿರು ಬೂಷ್ಟು ಎದ್ದರೆ ಬಣ್ಣದ ಲೆಕ್ಕದಿಂದಲೇ ಓಪನ್‌ಸಿವಿ ಎಂಬ ಚಿತ್ರ ಓದುವ ಸಾಫ್ಟ್‌ವೇರ್ ಅದನ್ನು ಹಿಡಿಯುತ್ತದೆ. ಹತ್ತಿಪ್ಪತ್ತು ಸಾಲು ಕೋಡ್, ನಿಮಗೆ ಒಂದು ಸಂಜೆಯ ಕೆಲಸ. ಇನ್ನೊಂದು ನೊಣದ ಲೆಕ್ಕ. ಹಳದಿ ಅಂಟಿನ ಹಾಳೆಯನ್ನು ಒಂದೇ ಜಾಗದಲ್ಲಿ ತೂಗಿಸಿ ದಿನವೂ ಚಿತ್ರ ತೆಗೆದರೆ ಹಳದಿಯ ಮೇಲಿನ ಕಪ್ಪು ಚುಕ್ಕೆ ಎಣಿಸುವುದು ಕಂಪ್ಯೂಟರಿಗೆ ಸುಲಭ. ದಿನಕ್ಕೆ ಮೂರು ನಾಲ್ಕು ಹೆಚ್ಚುತ್ತಿದ್ದದ್ದು ಒಮ್ಮೆಗೇ ಇಪ್ಪತ್ತಾದರೆ ಎಲ್ಲೋ ಬಲೆ ಹರಿದಿದೆ, ಅಥವಾ ಮುಗಿದ ಬೆಡ್ಡನ್ನು ಮೂಲೆಯಲ್ಲಿ ಬಿಟ್ಟಿದ್ದೀರಿ. ಈ ಎಣಿಕೆಯನ್ನು ನಾನು ಬಹಳ ಬೆಲೆಯುಳ್ಳದ್ದೆಂದು ತಿಳಿಯುತ್ತೇನೆ. ಅಣಬೆ ಸಿಂಪಡಿಸಿದ್ದನ್ನೆಲ್ಲ ಹೀರಿಕೊಳ್ಳುತ್ತದೆ, ನೊಣ ಹೆಚ್ಚಾದ ಮೇಲೆ ವಿಷ ಹೊಡೆಯುವ ಹಾಗಿಲ್ಲ. ನಿಮ್ಮ ಎಣ್ಮಕಜೆ ಪಂಚಾಯತಿನವರಿಗೆ ಇದನ್ನು ನಾನು ಬಿಡಿಸಿ ಹೇಳಬೇಕೇ? ಗೇರು ತೋಟದ ಮೇಲೆ ಹೆಲಿಕಾಪ್ಟರಿನಿಂದ ಎಂಡೋಸಲ್ಫಾನ್ ಕೀಟನಾಶಕ ಸುರಿದದ್ದನ್ನು ಅಲ್ಲಿನ ಪಡ್ರೆಯ ಮನೆಗಳು ಇವತ್ತಿಗೂ ಅನುಭವಿಸುತ್ತಿವೆ. ನಮ್ಮ ಕಡೆಯ ಅಣಬೆ ವಿಷ ಕಾಣದ್ದು ಎಂದು ನಾವು ಎದೆ ಮುಟ್ಟಿ ಹೇಳುವ ಹಾಗಿರಬೇಕು.

ಕೊಯ್ಲಿನ ಹೊತ್ತು ಹೇಳುವುದು ಇದಕ್ಕಿಂತ ಕಷ್ಟ, ಆಗದ್ದಲ್ಲ. ಕೊಡೆಯ ಅಂಚು ಒಳಕ್ಕೆ ಬಾಗಿದ್ದು ಚಪ್ಪಟೆಯಾಗಿ, ಮೇಲಕ್ಕೆ ಮಗುಚುವ ಮೊದಲು ಕೊಯ್ಯಬೇಕು. ತಡವಾದರೆ ಬಿಳಿ ಪುಡಿಯಂಥ ಬೀಜಾಣು ಉದುರಿ ಸೆನ್ಸರಿನ ಜಾಲರಿ, ಫ್ಯಾನಿನ ರೆಕ್ಕೆ ಎಲ್ಲ ಮುಚ್ಚುತ್ತದೆ. ಅದಕ್ಕಿಂತ ಹೆಚ್ಚಾಗಿ ಅಮ್ಮನ ಶ್ವಾಸಕೋಶಕ್ಕೆ ಹೋಗುತ್ತದೆ. ವರ್ಷಗಟ್ಟಲೆ ಅದನ್ನು ಉಸಿರಾಡಿದವರಿಗೆ ಕೆಮ್ಮು, ಉಬ್ಬಸ ಬರುವುದುಂಟು. ಅವರು ಒಳಗೆ ಹೋಗುವಾಗ ಎನ್95 ಮಾಸ್ಕ್ ಹಾಕುತ್ತಿಲ್ಲವಾದರೆ ಇವತ್ತೇ ತಂದುಕೊಡಿ. ಕ್ಯಾಮೆರಾಕ್ಕೆ ಇದನ್ನು ಕಲಿಸಬೇಕಾದರೆ ಮೂರು ತಿಂಗಳ ಚಿತ್ರ ಕೂಡಿಸಿ, ಅಮ್ಮನನ್ನು ಪಕ್ಕ ಕೂರಿಸಿಕೊಂಡು, ಪ್ರತಿ ಗೊಂಚಲಿಗೂ "ಇವತ್ತು ಕೊಯ್ಯುತ್ತಿದ್ದಿರಾ, ನಾಳೆಯಾ?" ಎಂದು ಕೇಳಿ ಗುರುತು ಹಾಕಿ. ಆ ಗುರುತುಗಳೇ ಪಾಠ. ಸಣ್ಣ ಮಾದರಿಯೊಂದನ್ನು ಆ ಚಿತ್ರಗಳ ಮೇಲೆ ಮತ್ತೆ ತರಬೇತು ಮಾಡಿದರೆ ನಿಮ್ಮ ಹಟ್ಟಿಯ ಮಟ್ಟಿಗೆ ಚೆನ್ನಾಗಿ ನಡೆಯುತ್ತದೆ. ಪಕ್ಕದ ಮನೆಯ ಹಟ್ಟಿಗೆ ನಡೆಯದು. ಬೆಡ್ಡಿಗೆ ಕೈಯಿಟ್ಟು ಬಿಸಿ ನೋಡುವುದು, ಮೂಗಿಗೆ ಹುಳಿ ವಾಸನೆ ಸಿಗುವುದು ಚಿತ್ರದಲ್ಲಿ ಬರುವುದಿಲ್ಲ. ಅದನ್ನು ಅಮ್ಮ ಬಿಡದಿರಲಿ.

ಅಮ್ಮನ ಕೆಲಸ ಎಷ್ಟು ಕಡಿಮೆಯಾದೀತು ಎಂದಿರಿ. ದಿನಕ್ಕೆ ಮೂರು ನಾಲ್ಕು ಸಲ ಪಂಪು ಹಿಡಿದು ನೀರು ಸಿಂಪಡಿಸುವುದು, ಬೇಸಗೆಯಲ್ಲಿ ಮಧ್ಯಾಹ್ನದ ನಿದ್ದೆ ಬಿಟ್ಟು ಕಿಟಕಿಯ ಗೋಣಿ ಒದ್ದೆ ಮಾಡುವುದು, ಮದುವೆಮನೆಗೆ ಹೋದರೂ ಸಂಜೆಗೆ ಓಡಿ ಬರುವುದು, ಇವು ತಪ್ಪುತ್ತವೆ. ಸಣ್ಣದಲ್ಲ ಅದು. ಆದರೆ ಬೈಹುಲ್ಲು ಕತ್ತರಿಸುವುದು, ನೆನೆಹಾಕುವುದು, ಹಂಡೆಯಲ್ಲಿ ಬೇಯಿಸುವುದು, ಆರಿಸಿ ಬೀಜ ಹಾಕಿ ಕಟ್ಟುವುದು, ಬೆನ್ನು ಮುರಿಯುವ ಈ ಕೆಲಸಗಳನ್ನು ಯಾವ ಸೆನ್ಸರೂ ಮಾಡದು. ದುಡ್ಡು ಉಳಿದರೆ ಹುಲ್ಲು ಕತ್ತರಿಸುವ ಯಂತ್ರಕ್ಕೆ ಹಾಕಿ, ಎರಡನೇ ಕ್ಯಾಮೆರಾಕ್ಕೆ ಬೇಡ. ಹುಲ್ಲು ಸಿಗದಾಗ ಅಡಿಕೆ ಹಾಳೆ, ತೆಂಗಿನ ತ್ಯಾಜ್ಯ ಬಳಸುವ ಕ್ರಮ ತಿಳಿಯಲು ಕಾಸರಗೋಡಿನ ಸಿಪಿಸಿಆರ್‌ಐಗೆ (ಕೇಂದ್ರೀಯ ತೋಟಗಾರಿಕಾ ಬೆಳೆಗಳ ಸಂಶೋಧನಾ ಸಂಸ್ಥೆ) ಒಮ್ಮೆ ಹೋಗಿ ಬನ್ನಿ. ತೆಂಗಿನ ತ್ಯಾಜ್ಯದಲ್ಲಿ ಚಿಪ್ಪಣಬೆ ಬೆಳೆಸುವ ಕೆಲಸ ಅಲ್ಲಿ ನಡೆದಿದೆ.

ಹಂಡೆಯ ಮಾತು ಬಂದದ್ದರಿಂದ ಇನ್ನೊಂದು ಸೆನ್ಸರಿನ ಹೆಸರು ಹೇಳಿ ನಿಲ್ಲಿಸುತ್ತೇನೆ. ಕ್ಯಾಮೆರಾ ಹಿಡಿಯುವ ಆ ಹಸಿರು ಬೂಷ್ಟಿನ ಬಹುಪಾಲು ಹಟ್ಟಿಯಲ್ಲಿ ಹುಟ್ಟುವುದಲ್ಲ, ಹತ್ತು ದಿನ ಮೊದಲು ಹಂಡೆಯಲ್ಲಿ ಸಾಯದೆ ಉಳಿದದ್ದು. ನೀರು 80 ಡಿಗ್ರಿಗೆ ಬಂತು ಎಂದು ಗೋಣಿಯ ಹುಲ್ಲು ಮುಳುಗಿಸಿದ ಕೂಡಲೇ ನೀರು ತಣಿಯುತ್ತದೆ. ಮೇಲೆ ಹಬೆಯಾಡುತ್ತಿದ್ದರೂ ಗೋಣಿಯ ನಡುವಿನ ಹುಲ್ಲು ಇನ್ನೂ ಕೈ ಸುಡದಷ್ಟೇ ಬಿಸಿ ಇರುತ್ತದೆ. ನಾವು ಗಡಿಯಾರ ನೋಡಿ ಒಂದು ಗಂಟೆ ಲೆಕ್ಕ ಹಾಕುವುದು ಮುಳುಗಿಸಿದ ಹೊತ್ತಿನಿಂದ. ಡಿಎಸ್18ಬಿ20 ಎಂಬ ಸ್ಟೀಲ್ ಕಡ್ಡಿಯ ಸೆನ್ಸರು ನೂರಿನ್ನೂರು ರೂಪಾಯಿಗೆ ಸಿಗುತ್ತದೆ, ನೀರಿಗೆ ಹಾಕಬಹುದು. ಅದನ್ನು ಗೋಣಿಯ ನಟ್ಟನಡುವೆ ಚುಚ್ಚಿ ಕಟ್ಟಿ, ಅಲ್ಲಿ 80 ಮುಟ್ಟಿದ ಮೇಲೆ ಗಂಟೆ ಎಣಿಸಲು ಶುರುಮಾಡಿ. ನನ್ನ ಹಂಡೆಯಲ್ಲಿ ಮೊದಲ ಸಲ ಹಾಗೆ ನೋಡಿದಾಗ ನೀರಿಗೂ ಗೋಣಿಯ ನಡುವಿಗೂ ಮೂವತ್ತೈದು ನಿಮಿಷದ ಅಂತರ ಇತ್ತು. ಅಷ್ಟೂ ವರ್ಷ ನಾನು ಒಂದು ಗಂಟೆ ಎಂದು ಬೇಯಿಸಿದ್ದು ಇಪ್ಪತ್ತೈದೇ ನಿಮಿಷ. ಮುಂದಿನ ಬೆಡ್ ಹಾಕುವ ದಿನ ಈ ಒಂದನ್ನು ಮೊದಲು ಮಾಡಿ. ಉಳಿದದ್ದನ್ನು ಮಳೆಗಾಲ ಕಳೆದ ಮೇಲೆ ಕಟ್ಟಿದರೂ ತಡವಾಗದು.